ಒಂದೇ ಪದರ ಬಟ್ಟೆ

"ಮುಂದಿನ ಸೀಟು ನಂದು!" ಗಿಳಿ ಮೇಲಿನ ಮೆಟ್ಟಿಲಿನಿಂದಲೇ ಕೂಗಿದಳು. "ಹಾಡು ಹಾಕೋದೂ ನಾನೇ. ನೀನು ಬಂದಾಗ ಹಿಂದೆ ಕೂತ್ಕೋ, ಆಯ್ತಾ?"

ಕಡ್ಡಿ ಕೆಳಗಿನ ಮೆಟ್ಟಿಲಲ್ಲಿ ಕೂತು ಶೂ ಲೇಸು ಕಟ್ಟುತ್ತಿದ್ದಳು. ಗಂಟು ಸರಿಯಾಗಿಯೇ ಬಿದ್ದಿತ್ತು. ಅವಳು ಅದನ್ನು ಬಿಚ್ಚಿ ಮತ್ತೆ ಕಟ್ಟಿದಳು.

"ಕಾರು ಇನ್ನೂ ಬಂದೇ ಇಲ್ಲ," ಎಂದಳು.

"ಬರುತ್ತೆ. ಭಾನುವಾರ ದೊಡ್ಡಮ್ಮ ನೋಡಿ ಓಕೆ ಅಂದ್ರೆ ಮುಗೀತು."

ದೊಡ್ಡಮ್ಮ ಎಂದರೆ ಕಡ್ಡಿಯ ಅಮ್ಮ. ಗಿಳಿಯ ಅಮ್ಮ ಕಡ್ಡಿಗೆ ಚಿಕ್ಕಮ್ಮ. ಒಂದೇ ಕಟ್ಟಡದಲ್ಲಿ ಅಕ್ಕನ ಮನೆ ಕೆಳಗೆ, ತಂಗಿಯ ಮನೆ ಮೇಲೆ. ಮಕ್ಕಳಿಬ್ಬರೂ ಐದನೇ ಕ್ಲಾಸು, ಕೂರುವುದೂ ಒಂದೇ ಬೆಂಚಿನಲ್ಲಿ. ತೆಳ್ಳಗೆ ಉದ್ದಕ್ಕೆ ಇದ್ದಿದ್ದರಿಂದ ಒಬ್ಬಳು ಕಡ್ಡಿಯಾಗಿದ್ದಳು. ಇನ್ನೊಬ್ಬಳು ಯಾಕೆ ಗಿಳಿಯಾದಳು ಅಂತ ಯಾರೂ ಕೇಳುತ್ತಿರಲಿಲ್ಲ. ಅವಳ ಬಾಯಿ ಮುಚ್ಚಿದ್ದನ್ನು ಕಂಡವರೇ ಇರಲಿಲ್ಲ.

ಸ್ಕೂಲಿಗೆ ಹೋಗುವ ದಾರಿಯುದ್ದಕ್ಕೂ ಗಿಳಿ ಕಾರಿನ ಮಾತೇ ಆಡಿದಳು. ಕಾರು ತಿಳಿ ನೀಲಿ ಬಣ್ಣದ್ದಂತೆ. ಗಾಜು ತಾನೇ ಇಳಿಯುತ್ತದಂತೆ. ಕನ್ನಡಿಗೆ ನೇತುಹಾಕಲು ಅವಳು ಉಣ್ಣೆಯ ಚೆಂಡು ಬೇರೆ ಮಾಡಿಟ್ಟಿದ್ದಾಳಂತೆ. ಇಂಟರ್‌ವಲ್ ಹೊತ್ತಿಗೆ ಇಡೀ ಕ್ಲಾಸಿಗೆ ಸುದ್ದಿ ಹರಡಿತ್ತು. ಎಂದೂ ಮಾತಾಡಿಸದ ಹುಡುಗಿಯರು ಕೂಡ ಬಂದು ಗಿಳಿಯ ಪಕ್ಕ ಒತ್ತಿಕೊಂಡು ಕೂತರು. ಕಡ್ಡಿ ಬೆಂಚಿನ ತುದಿಗೆ ಬಂದಳು.

ಎದೆಯ ಕೆಳಗೆ ಏನೋ ಬಿಸಿಬಿಸಿ ನುಂಗಿದ ಹಾಗಿತ್ತು. ನೀರು ಕುಡಿದಳು. ಹೋಗಲಿಲ್ಲ.

"ಸುಮ್ನೆ ತಗೊಳ್ಳೋಕಾಗಲ್ಲ," ಎಂದು ಅವಳು ಎಲ್ಲರಿಗೂ ಕೇಳುವಂತೆ ಹೇಳಿದಳು. "ನಮ್ಮಮ್ಮ ಪಾಸ್ ಮಾಡ್ಬೇಕು. ನಮ್ಮಮ್ಮ ಫೇಲ್ ಮಾಡಿದ್ರೆ ಕಾರೂ ಇಲ್ಲ, ಗೀರೂ ಇಲ್ಲ."

ಅದು ನಿಜವೇ. ಕಡ್ಡಿಯ ಅಮ್ಮನ ಕೆಲಸವೇ ಅದು. ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವ ಮೊದಲು ಜನ ಅಮ್ಮನಿಗೆ ಫೋನ್ ಮಾಡುತ್ತಾರೆ. ಅಮ್ಮ ಸ್ಕೂಟರಿನಲ್ಲಿ ಹೋಗಿ, ಕಾರಿನ ಮೇಲೆ, ಕೆಳಗೆ, ಒಳಗೆ ಎಲ್ಲ ನೋಡಿ, ಕೊನೆಗೆ "ತಗೊಳ್ಳಿ" ಅಥವಾ "ಬೇಡ" ಎನ್ನುತ್ತಾಳೆ. ಆ ಕೊನೆಯ ಮಾತಿನವರೆಗೂ ಅವಳ ಮುಖದಲ್ಲಿ ಏನೂ ಕಾಣಿಸುವುದಿಲ್ಲ. "ನಾನು ಹುಬ್ಬು ಎತ್ತಿದ್ರೂ ಸಾಕು, ತಗೊಳ್ಳೋರು ಹೆದರಿಬಿಡ್ತಾರೆ," ಎನ್ನುತ್ತಾಳೆ.

ಸ್ಕೂಲಿಲ್ಲದ ದಿನ ಕಡ್ಡಿಯೂ ಜೊತೆಗೆ ಹೋಗುತ್ತಾಳೆ. ನೀಲಿ ಬ್ಯಾಗು ಹಿಡಿಯುವುದು ಅವಳೇ. ಅದರಲ್ಲಿ ಟಾರ್ಚು, ಮಲಗಿ ಕಾರಿನ ಕೆಳಗೆ ನೋಡಲು ಒಂದು ಚಾಪೆ, ಬಿಳಿ ಬಟ್ಟೆಗಳು, ಸ್ಕ್ಯಾನರು ಇರುತ್ತವೆ. ಜೊತೆಗೆ ಒಂದು ಸಣ್ಣ ದುಂಡನೆಯ ಮ್ಯಾಗ್ನೆಟ್ಟು.

ಕಡ್ಡಿಗೆ ಎಲ್ಲಕ್ಕಿಂತ ಇಷ್ಟವಾದದ್ದು ಆ ಮ್ಯಾಗ್ನೆಟ್ಟು. ಸಂಜೆ ಮೆಟ್ಟಿಲ ಮೇಲೆ ಕೂತು ಗಿಳಿಗೆ ಅದನ್ನು ತೋರಿಸಿದಳು.

"ಆಕ್ಸಿಡೆಂಟ್ ಆಗಿ ಬಾಗಿಲು ಒಳಗೆ ಹೋಗಿರುತ್ತೆ ಅಂದ್ಕೋ. ಅಲ್ಲಿಗೆ ಪುಟ್ಟಿ ಮೆತ್ತಿ, ಮೇಲೆ ಪೇಂಟ್ ಹೊಡೆದ್ರೆ ಕಣ್ಣಿಗೆ ಕಾಣಲ್ಲ. ಆದ್ರೆ ಮ್ಯಾಗ್ನೆಟ್ ಪುಟ್ಟಿಗೆ ಅಂಟಲ್ಲ. ಕೆಳಗೆ ಬಿದ್ದುಬಿಡುತ್ತೆ."

"ಈ ಬಟ್ಟೆ ಯಾಕೆ ಸುತ್ತಿದೀರಾ?"

"ಪೇಂಟ್‌ಗೆ ಗೀರು ಬೀಳಬಾರ್ದಲ್ಲ. ಆದ್ರೆ ಒಂದೇ ಪದರ ಇರ್ಬೇಕು. ದಪ್ಪ ಆದ್ರೆ ಒಳ್ಳೇ ಬಾಗಿಲಿಗೂ ಹಿಡಿಯಲ್ಲ." ಕಡ್ಡಿ ಟೀಚರಿನ ಹಾಗೆ ಬೆರಳೆತ್ತಿದಳು. "ಒಂದೇ ಪದರ. ನೆನಪಿಟ್ಕೋ."

"ನಾನ್ಯಾಕೆ ನೆನಪಿಟ್ಕೋಬೇಕು? ನಾನು ಕಾರಲ್ಲಿ ಕೂರೋಳು," ಎಂದು ಗಿಳಿ ನಕ್ಕಳು.

ಅಷ್ಟರಲ್ಲಿ ಚಿಕ್ಕಮ್ಮ ಆಸ್ಪತ್ರೆಯ ಡ್ಯೂಟಿ ಮುಗಿಸಿ ಬಂದಳು. ಅವಳು ನರ್ಸು. ಬ್ಯಾಗು ಕೂಡ ಇಳಿಸದೆ ಕಡ್ಡಿಯ ಮನೆಯ ಅಡುಗೆಮನೆಗೆ ನುಗ್ಗಿ ಅಕ್ಕನ ಮುಂದೆ ಫೋನ್ ಹಿಡಿದಳು.

"ಅಕ್ಕಾ, ಇನ್ನೊಂದು ಫೋಟೋ ಕಳಿಸಿದಾರೆ, ನೋಡು. ಸೀಟು ಎಷ್ಟು ಚೆನ್ನಾಗಿದೆ! ಇನ್ನು ಬಸ್‌ಸ್ಟಾಪಲ್ಲಿ ಕಾಲು ಬಾತ್ಕೊಳ್ಳೋ ಹಾಗೆ ನಿಲ್ಲೋದು ತಪ್ಪುತ್ತೆ."

"ಒಳ್ಳೇದಾಯ್ತು ಬಿಡು," ಎಂದಳು ಅಮ್ಮ.

ಮಾತು ಸ್ವಲ್ಪ ಬೇಗ ಬಂದಿತ್ತು. ಫೋಟೋ ಪೂರ್ತಿ ನೋಡುವ ಮುಂಚೆಯೇ ಬಂದಿತ್ತು. ಬಾಗಿಲಲ್ಲಿ ನಿಂತಿದ್ದ ಕಡ್ಡಿ ಅದನ್ನು ಗಮನಿಸಿದಳು. ಚಿಕ್ಕಮ್ಮ ಹೋದ ಮೇಲೆ ಅಮ್ಮ ಒಂದು ಲೋಟ ತೊಳೆದಳು. ಅದು ಆಗಲೇ ತೊಳೆದಿಟ್ಟ ಲೋಟವಾಗಿತ್ತು.

"ಅಮ್ಮಾ, ನಮಗ್ಯಾವಾಗ ಕಾರು?"

"ನೋಡೋಣ."

"ನೀನು ಯಾವಾಗ್ಲೂ ಹಿಂಗೇ ಅಂತೀಯ. ನೀನು ನೋಡಿದ ಒಂದು ಕಾರೂ ನಮಗೆ ಪಾಸ್ ಆಗಲ್ಲ."

ಅಪ್ಪ ಒಳಕೋಣೆಯಿಂದ ನಕ್ಕರು. "ನಿಮ್ಮಮ್ಮ ನನ್ನನ್ನೂ ಟಾರ್ಚ್ ಹಾಕಿ ನೋಡಿದ್ದಿದ್ರೆ ನಮ್ಮ ಮದುವೇನೇ ಆಗ್ತಿರ್ಲಿಲ್ಲ ಕಣೇ!"

ಅಮ್ಮ ಬೇರೆ ದಿನವಾಗಿದ್ದರೆ ಅದಕ್ಕೆ ಏನಾದರೂ ತಿರುಗಿಸಿ ಹೇಳುತ್ತಿದ್ದಳು. ಅವತ್ತು ಲೋಟ ಬೋರಲು ಹಾಕಿದಳು, ಅಷ್ಟೇ.

*

ಕಾರು ಮಾರುತ್ತಿದ್ದವರು ಒಬ್ಬ ವಯಸ್ಸಾದ ಟೈಲರು. ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ಚಿಕ್ಕ ಅಂಗಳ. ಭಾನುವಾರ ಬೆಳಿಗ್ಗೆ ಅಮ್ಮ ಮತ್ತು ಕಡ್ಡಿ ಸ್ಕೂಟರಿನಲ್ಲಿ ಹೋದಾಗ ಚಿಕ್ಕಮ್ಮ ಮತ್ತು ಗಿಳಿ ಬಸ್ಸಿನಲ್ಲಿ ಬಂದು ಆಗಲೇ ಕಾಯುತ್ತಿದ್ದರು. ಚಿಕ್ಕಪ್ಪನಿಗೆ ಭಾನುವಾರವೂ ಡ್ಯೂಟಿ ಇತ್ತು.

ಟೈಲರ್ ತಾತನ ಕುತ್ತಿಗೆಯಲ್ಲಿ ಅಳತೆ ಟೇಪು ನೇತಾಡುತ್ತಿತ್ತು. ಅದು ಅಲ್ಲಿರುವುದೇ ಅವರಿಗೆ ಮರೆತುಹೋದ ಹಾಗಿತ್ತು.

"ಬನ್ನಿ ಬನ್ನಿ. ಮೊದ್ಲು ಟೀ ಕುಡೀರಿ."

"ಕೆಲಸ ಆದ್ಮೇಲೆ ಕುಡೀತೀನಿ ಸರ್," ಎಂದಳು ಅಮ್ಮ. ಕೆಲಸ ಮುಗಿಯುವವರೆಗೆ ಅವಳು ಯಾರ ಮನೆಯಲ್ಲೂ ನೀರು ಕೂಡ ಮುಟ್ಟುತ್ತಿರಲಿಲ್ಲ. "ಕಾರು ಯಾಕೆ ಕೊಡ್ತಿದೀರಾ?"

"ಕಣ್ಣು ಮಂಜಾಗಿದೆ ತಾಯಿ. ಸೂಜಿಗೆ ದಾರ ಪೋಣಿಸೋಕೇ ಪಕ್ಕದ ಮನೆ ಮಗು ಬರ್ಬೇಕು. ಇನ್ನು ಕಾರು ಓಡಿಸ್ಬೇಡಿ ಅಂದ್ರು ಡಾಕ್ಟ್ರು."

ಅಂಗಳದಲ್ಲಿ ಕಾರು ನಿಂತಿತ್ತು. ಫೋಟೋದಲ್ಲಿ ಇದ್ದದ್ದಕ್ಕಿಂತ ಚೆನ್ನಾಗಿತ್ತು. ಅದನ್ನೇ ಕಡ್ಡಿಗೆ ಸಹಿಸಲಾಗಲಿಲ್ಲ. ಸೀಟುಗಳಿಗೆ ತಾತ ತಾವೇ ಕವರು ಹೊಲಿದಿದ್ದರು. ಅಂಚಿನಲ್ಲಿ ಸಣ್ಣ ಸಣ್ಣ ಹೊಲಿಗೆ, ಗೆರೆ ಎಳೆದಂತೆ ನೇರವಾಗಿತ್ತು.

ಅಮ್ಮ ಬಾನೆಟ್ ಮೇಲೆ ಅಂಗೈ ಇಟ್ಟಳು. ತಣ್ಣಗಿತ್ತು. ಕೆಲವರು ಮೊದಲೇ ಎಂಜಿನ್ ಓಡಿಸಿ ಬೆಚ್ಚಗೆ ಮಾಡಿಟ್ಟಿರುತ್ತಾರೆ. ಆಗ ಕೆಮ್ಮುವ ಎಂಜಿನ್ನೂ ಕೆಮ್ಮುವುದಿಲ್ಲ. ತಾತ ಹಾಗೆ ಮಾಡಿರಲಿಲ್ಲ. ಅಮ್ಮ ಸ್ವಲ್ಪ ಹೊತ್ತು ಬಿಟ್ಟು ಮತ್ತೊಮ್ಮೆ ಅಂಗೈ ಇಟ್ಟಳು.

"ಕಡ್ಡಿ, ಬಟ್ಟೆ."

ಕಡ್ಡಿ ಬಿಳಿ ಬಟ್ಟೆ ಕೊಟ್ಟಳು. ಅಮ್ಮ ಎಂಜಿನ್ನಿನಿಂದ ಆಯಿಲ್ ಕಡ್ಡಿ ಎಳೆದು ಬಟ್ಟೆಯಲ್ಲಿ ಒರೆಸಿದಳು.

"ಅದೂ ಕಡ್ಡಿ, ಇವಳೂ ಕಡ್ಡಿ!" ಎಂದು ಗಿಳಿ ಕಿಸಕ್ಕನೆ ನಕ್ಕಳು. "ದೊಡ್ಡಮ್ಮಾ, ಇವಳನ್ನೂ ಅದ್ದಿ ನೋಡಿ, ಆಯಿಲ್ ಎಷ್ಟಿದೆ ಅಂತ."

ಟೈಲರ್ ತಾತನೂ ನಕ್ಕರು. ಕಡ್ಡಿ ನಗಲಿಲ್ಲ. ಅವಳು ಅಮ್ಮನನ್ನೇ ನೋಡುತ್ತಿದ್ದಳು. ಅಮ್ಮ ಆ ಕಡ್ಡಿಯನ್ನು ಮತ್ತೆ ಒಳಗಿಟ್ಟು, ಮತ್ತೆ ಎಳೆದು, ಮತ್ತೆ ಒರೆಸಿದಳು. ಎಷ್ಟೋ ಸಲ ಜೊತೆಗೆ ಬಂದಿದ್ದರೂ ಅಮ್ಮ ಇಷ್ಟು ನಿಧಾನ ಮಾಡಿದ್ದನ್ನು ಅವಳು ಕಂಡಿರಲಿಲ್ಲ.

ಮುಂದೆಯೂ ಹಾಗೇ ಆಯಿತು. ಸೀಟ್ ಬೆಲ್ಟು ಪೂರ್ತಿ ಎಳೆದು ಕೆಸರಿನ ಕಲೆ ಇದೆಯೇ ಎಂದು ನೋಡಿದಳು. ಪ್ರವಾಹದ ನೀರಲ್ಲಿ ಮುಳುಗಿದ ಕಾರಾದರೆ ಬೆಲ್ಟಿನ ಒಳತುದಿ ಗುಟ್ಟು ಬಿಟ್ಟುಕೊಡುತ್ತದೆ. ಕಲೆ ಇರಲಿಲ್ಲ. ಬಿಟ್ಟು, ಇನ್ನೊಂದು ಸಲ ಎಳೆದಳು. ಕಾಲಡಿಯ ಮ್ಯಾಟು ಎತ್ತಿ ಮೂಸಿದಳು, ಹಾಕಿದಳು, ಮತ್ತೆ ಎತ್ತಿದಳು. ಸ್ಟೀರಿಂಗ್ ಕೆಳಗೆ ಸ್ಕ್ಯಾನರ್ ಸಿಕ್ಕಿಸಿ, ಎಂಜಿನ್ನಿನಲ್ಲಿ ದೋಷ ಇದೆಯೇ ಎಂದು ಓದಿದಳು. ತೆಗೆದು ಮತ್ತೆ ಸಿಕ್ಕಿಸಿದಳು.

ಕಡ್ಡಿಗೆ ಒಮ್ಮೆಲೇ ಅರ್ಥವಾಯಿತು, ಅಥವಾ ಅರ್ಥವಾಯಿತು ಎಂದುಕೊಂಡಳು. ಅಮ್ಮ ಹುಡುಕುತ್ತಿದ್ದಾಳೆ! ಅಮ್ಮನಿಗೂ ಈ ಕಾರು ಫೇಲ್ ಆಗಬೇಕಾಗಿದೆ. ಆದರೆ ಏನೂ ಸಿಗುತ್ತಿಲ್ಲ.

ಎದೆಯೊಳಗಿನ ಬಿಸಿಗೆ ಯಾರೋ ಗಾಳಿ ಬೀಸಿದ ಹಾಗಾಯಿತು. ತಾನು ಒಬ್ಬಳೇ ಅಲ್ಲ. ಅಮ್ಮನೂ ತನ್ನ ಕಡೆಯೇ.

"ಟೆಸ್ಟ್ ಡ್ರೈವ್‌ಗೆ ಮುಂಚೆ ಕೆಳಗೊಂದ್ಸಲ ನೋಡ್ತೀನಿ," ಎಂದು ಅಮ್ಮ ಚಾಪೆ ಹಾಸಿದಳು. "ಕಡ್ಡಿ, ನೀನು ಬಾಗಿಲುಗಳಿಗೆ ಮ್ಯಾಗ್ನೆಟ್ ಹಾಕ್ತಾ ಬಾ. ಮೆಲ್ಲಗೆ. ಆಮೇಲೆ ನಾನೂ ನೋಡ್ತೀನಿ."

ಅಮ್ಮ ಟಾರ್ಚು ಹಿಡಿದು ಕಾರಿನ ಕೆಳಗೆ ಜಾರಿದಳು. ಅವಳ ಚಪ್ಪಲಿಗಳು ಮಾತ್ರ ಹೊರಗೆ ಕಾಣುತ್ತಿದ್ದವು. ಚಿಕ್ಕಮ್ಮ ಅಂಗಡಿಯ ಕಟ್ಟೆಯ ಮೇಲೆ ಕೂತು, ಪರೀಕ್ಷೆಯ ರಿಸಲ್ಟಿಗೆ ಕಾಯುವವಳ ಹಾಗೆ ದುಪಟ್ಟಾದ ತುದಿ ಹಿಂಡುತ್ತಿದ್ದಳು.

ಕಡ್ಡಿ ಒಂದು ಪದರದ ಬಟ್ಟೆ ಸುತ್ತಿ ಮೊದಲ ಬಾಗಿಲಿಗೆ ಮ್ಯಾಗ್ನೆಟ್ ಇಟ್ಟಳು. ಟಕ್. ಹಿಡಿಯಿತು. ಪಕ್ಕಕ್ಕೆ ಇಟ್ಟಳು. ಟಕ್. ಎರಡನೇ ಬಾಗಿಲು. ಟಕ್. ಗಿಳಿ ಹಿಂದೆ ಹಿಂದೆಯೇ ಬರುತ್ತಿದ್ದಳು.

"ಇಲ್ಲಿ ನನ್ನ ಬಾಟಲಿ ಇಡ್ತೀನಿ. ಇಲ್ಲಿ ಕಾಮಿಕ್ಸು. ಅಯ್ಯೋ ಕಡ್ಡಿ, ಕೈಬೆರಳ ಗುರುತು ಮಾಡ್ಬೇಡ ಕಣೇ, ನಮ್ಮ ಕಾರು ಅದು." ಆಮೇಲೆ, ಚಾಪೆಯ ಕಡೆ ನೋಡಿ ದನಿ ತಗ್ಗಿಸಿದಳು. "ಪಾಪ ಅಲ್ವಾ ದೊಡ್ಡಮ್ಮ? ಇಷ್ಟೊಂದು ಕಾರು ನೋಡ್ತಾರೆ. ಒಂದೂ ಅವರದ್ದಲ್ಲ."

ಗಿಳಿಗೆ ನಿಜವಾಗಿಯೂ ಪಾಪ ಅನ್ನಿಸಿತ್ತು. ಅದು ಅವಳ ದನಿಯಲ್ಲೇ ಗೊತ್ತಾಗುತ್ತಿತ್ತು. ಬೈದಿದ್ದರೆ ಕಡ್ಡಿಗೆ ಇಷ್ಟು ಚುಚ್ಚುತ್ತಿರಲಿಲ್ಲ.

ಅವಳು ಬೆನ್ನು ತಿರುಗಿಸಿದಳು. ಬೆರಳುಗಳು ತಾವಾಗಿಯೇ ಬಟ್ಟೆಯನ್ನು ಮಡಚಿದವು. ಒಂದು ಮಡಿಕೆ. ಇನ್ನೊಂದು. ಮತ್ತೊಂದು. ಮೆತ್ತನೆಯ ಬಟ್ಟೆ ದಿಂಬಿನ ಹಾಗೆ ಉಬ್ಬಿತು. ಅದರೊಳಗೆ ಮ್ಯಾಗ್ನೆಟ್ ಇಟ್ಟು, ಹಿಂದಿನ ಬಾಗಿಲಿಗೆ ಒತ್ತಿ, ಕೈ ಬಿಟ್ಟಳು.

ಮ್ಯಾಗ್ನೆಟ್ ಜಾರಿ ನೆಲಕ್ಕೆ ಬಿತ್ತು.

ಸಣ್ಣ ಶಬ್ದವೇ. ಆದರೆ ಚಿಕ್ಕಮ್ಮ ಕಟ್ಟೆಯಿಂದ ಜಿಗಿದು ಬಂದಳು.

"ಏನಾಯ್ತು? ಬಿತ್ತಾ? ಇನ್ನೊಂದ್ಸಲ ಹಾಕು!"

ಕಡ್ಡಿ ಮತ್ತೆ ಇಟ್ಟಳು. ಮತ್ತೆ ಬಿತ್ತು.

"ಅಂದ್ರೆ ಪುಟ್ಟಿ!" ಚಿಕ್ಕಮ್ಮನ ಮುಖ ಬಿಳಿಚಿಕೊಂಡಿತು. "ಆಕ್ಸಿಡೆಂಟ್ ಆದ ಕಾರು! ಏನ್ರೀ ಇದು? ಒಂದು ಗೀರೂ ಆಗಿಲ್ಲ ಅಂತ ಫೋನಲ್ಲಿ ಹೇಳಿದ್ರಲ್ಲ!"

ಟೈಲರ್ ತಾತ ಬಾಗಿಲಿನ ಹತ್ತಿರ ಬಂದರು. ಕಣ್ಣು ಕಿರಿದು ಮಾಡಿ ನೋಡಿದರು. ಕಾಣಲಿಲ್ಲವೇನೋ, ಅಂಗೈಯಿಂದ ಸವರಿದರು.

"ಇಲ್ಲ ತಾಯಿ. ಈ ಬಾಗಿಲಿಗೆ ಒಂದು ಸೂಜಿ ಕೂಡ ತಾಗಿಲ್ಲ. ನಾನ್ಯಾಕೆ ಸುಳ್ಳು ಹೇಳ್ಲಿ?"

"ಮತ್ತೆ ಮ್ಯಾಗ್ನೆಟ್ ಸುಳ್ಳು ಹೇಳುತ್ತಾ? ನನ್ನ ಕಣ್ಣಾರೆ ನೋಡಿದೆ. ವಯಸ್ಸಾದೋರು ಅಂತ ನಂಬಿದ್ದೆ ನಿಮ್ಮನ್ನ! ನಡಿ ಗಿಳಿ, ಹೋಗೋಣ."

ತಾತ ಕುತ್ತಿಗೆಯಲ್ಲಿದ್ದ ಟೇಪಿನ ಎರಡೂ ತುದಿ ಹಿಡಿದುಕೊಂಡು ನಿಂತರು.

ಕಡ್ಡಿಗೆ ಬೇಕಾಗಿದ್ದದ್ದು ಆಗಿತ್ತು. ಖುಷಿಯಾಗಬೇಕಿತ್ತು. ಅದು ಎಲ್ಲಿದೆ ಅಂತ ಹುಡುಕುವ ಹಾಗೆ ಅವಳು ಗಿಳಿಯ ಕಡೆ ನೋಡಿದಳು.

ಗಿಳಿ ಬಾಯಿ ಮುಚ್ಚಿಕೊಂಡು ನಿಂತಿದ್ದಳು.

ಅವಳು ಬಾಗಿಲನ್ನು ನೋಡುತ್ತಿರಲಿಲ್ಲ, ತಾತನನ್ನೂ ನೋಡುತ್ತಿರಲಿಲ್ಲ. ಕಡ್ಡಿಯ ಕೈಯಲ್ಲಿದ್ದ ದಪ್ಪ ಬಟ್ಟೆಯನ್ನು ನೋಡುತ್ತಿದ್ದಳು.

ಅಮ್ಮ ಕಾರಿನ ಕೆಳಗಿನಿಂದ ಹೊರಗೆ ಬಂದಳು. ಕೂದಲಲ್ಲಿ ಧೂಳಿತ್ತು.

"ಅಕ್ಕಾ, ಹಿಂದಿನ ಬಾಗಿಲು ಪೂರ್ತಿ ಪುಟ್ಟಿ! ಮ್ಯಾಗ್ನೆಟ್ ನಿಲ್ತಾನೇ ಇಲ್ಲ!"

ಅಮ್ಮ ಬಾಗಿಲನ್ನು ನೋಡಿದಳು. ತಾತನನ್ನು ನೋಡಿದಳು. ಆಮೇಲೆ ಕಡ್ಡಿಯ ಮುಂದೆ ಕೈ ಚಾಚಿದಳು.

ಕಡ್ಡಿ ಮ್ಯಾಗ್ನೆಟ್ಟನ್ನು ಬಟ್ಟೆಯ ಸಮೇತ ಅಮ್ಮನ ಅಂಗೈಯಲ್ಲಿಟ್ಟಳು. ಅಮ್ಮನ ಹೆಬ್ಬೆರಳು ಮಡಿಕೆಗಳ ಮೇಲೆ ಒಮ್ಮೆ ಸರಿದಾಡಿತು. ಅವಳ ಮುಖದಲ್ಲಿ ಎಂದಿನಂತೆ ಏನೂ ಕಾಣಿಸಲಿಲ್ಲ. ಈಗ ಕೂಗುತ್ತಾಳೆ, ಈಗ ಎಲ್ಲರ ಮುಂದೆ ಹೇಳುತ್ತಾಳೆ ಎಂದು ಕಡ್ಡಿ ಕಾದಳು.

ಅಮ್ಮ ಅದನ್ನು ವಾಪಸ್ಸು ಅವಳ ಕೈಗೇ ಕೊಟ್ಟಳು.

"ಇನ್ನೊಂದ್ಸಲ ಹಾಕು," ಎಂದಳು. "ನೀನೇ."

ಕಡ್ಡಿ ಒಂದು ಮಡಿಕೆ ಬಿಚ್ಚಿದಳು. ಎಲ್ಲರಿಗೂ ಕಾಣುತ್ತಿತ್ತು. ಎರಡನೆಯದನ್ನು ಬಿಚ್ಚಿದಳು. ಮೂರನೆಯದನ್ನು ಬಿಚ್ಚುವಾಗ ಬಟ್ಟೆ ಬೆರಳಿಗೆ ಸಿಕ್ಕಿಕೊಂಡಿತು. ಒಂದೇ ಪದರ ಉಳಿದಾಗ ಮ್ಯಾಗ್ನೆಟ್ಟನ್ನು ಬಾಗಿಲಿನ ಹತ್ತಿರ ತಂದಳು.

ಟಕ್.

ಅದು ಅವಳ ಕೈಯಿಂದ ಕಿತ್ತುಕೊಂಡ ಹಾಗೆ ಹೋಗಿ ಹಿಡಿಯಿತು.

"ನಾನೇ ಮಡಚಿದ್ದೆ," ಎಂದಳು ಕಡ್ಡಿ. ದನಿ ಎಷ್ಟು ಸಣ್ಣಗಿತ್ತೆಂದರೆ ಚಿಕ್ಕಮ್ಮ "ಏನು?" ಎಂದು ಕೇಳಿದಳು. ಅದಕ್ಕೇ ಮತ್ತೊಮ್ಮೆ ಹೇಳಬೇಕಾಯಿತು. "ಬಾಗಿಲು ಸರಿ ಇದೆ. ಬೇಕು ಅಂತ್ಲೇ ಬಟ್ಟೆ ಮಡಚಿದ್ದೆ."

ಚಿಕ್ಕಮ್ಮ ತಾತನ ಕಡೆ ತಿರುಗಿದಳು. ಅವಳ ಕಿವಿ ಕೆಂಪಾಗಿತ್ತು. "ಸರ್, ನಾನು... ಬಾಯಿಗೆ ಬಂದ ಹಾಗೆ ಅಂದ್ಬಿಟ್ಟೆ."

"ಬಿಡಿ ತಾಯಿ." ತಾತ ಟೇಪಿನ ತುದಿಗಳನ್ನು ಬಿಟ್ಟರು. ಕಡ್ಡಿಯ ಹತ್ತಿರ ಬಂದು, ಆ ಬಟ್ಟೆಯನ್ನು ಎರಡು ಬೆರಳಲ್ಲಿ ಹಿಡಿದು ನೋಡಿದರು. ಬಟ್ಟೆ ಕಂಡರೆ ಅವರ ಬೆರಳು ಸುಮ್ಮನಿರುತ್ತಿರಲಿಲ್ಲ. "ಇಷ್ಟು ಮಡಚಿದ್ರೆ ನನ್ನ ಸೂಜಿನೂ ಮುರಿಯುತ್ತೆ ಮಗೂ," ಎಂದರು.

ಅವರ ಮುಖ ನೋಡಲು ಕಡ್ಡಿಗೆ ಆಗಲಿಲ್ಲ. "ಸಾರಿ ತಾತ," ಎಂದು ಅವರ ಚಪ್ಪಲಿಗೆ ಹೇಳಿದಳು.

ಗಿಳಿ ಹತ್ತಿರ ಬಂದಳು. ಕಡ್ಡಿಗೆ ಮಾತ್ರ ಕೇಳುವಂತೆ, "ಒಂದೇ ಪದರ ಅಂತ ನೀನೇ ಹೇಳ್ಕೊಟ್ಟಿದ್ದೆ," ಎಂದಳು. ಅಷ್ಟೇ. ಹೋಗಿ ಕಟ್ಟೆಯ ಮೇಲೆ ಬೆನ್ನು ಹಾಕಿ ಕೂತಳು.

*

ಟೆಸ್ಟ್ ಡ್ರೈವಿಗೆ ಕಡ್ಡಿ ಹೋಗಲಿಲ್ಲ. ನೀಲಿ ಬ್ಯಾಗಿನ ಪಕ್ಕ ಕೂತಿದ್ದಳು. ಕಾರು ತಿರುಗಿ ಬಂದ ಮೇಲೆ ಅಮ್ಮ ಕೈ ತೊಳೆದುಕೊಂಡು, ಟೀ ಲೋಟ ಹಿಡಿದು ಮಾತಿಗೆ ಕೂತಳು.

"ಎಂಜಿನ್ ಚೆನ್ನಾಗಿದೆ. ಬ್ರೇಕೂ ಚೆನ್ನಾಗಿದೆ. ಬಾಗಿಲು ನಾಲ್ಕೂ ಫ್ಯಾಕ್ಟರಿಯಿಂದ ಬಂದ ಹಾಗೇ ಇದೆ, ನಾನೂ ನೋಡಿದೆ. ಟಯರು ಮಾತ್ರ ಹಳೇದಾಗಿದೆ. ಬದಲಾಯಿಸ್ದೆ ದೂರ ಹೋಗ್ಬೇಡ. ಆಮೇಲೆ, ಗಿಳಿ ಮುಂದಿನ ಸೀಟಲ್ಲಿ ಕೂರೋ ಹಾಗಿಲ್ಲ. ಇನ್ನೂ ಸ್ವಲ್ಪ ಎತ್ತರ ಆಗೋವರೆಗೂ ಹಿಂದೆ, ಬೆಲ್ಟ್ ಹಾಕ್ಕೊಂಡು."

"ದೊಡ್ಡಮ್ಮಾ!" ಎಂದು ಗಿಳಿ ಕಟ್ಟೆಯಿಂದಲೇ ಕಿರುಚಿದಳು.

ಬೇರೆ ದಿನವಾಗಿದ್ದರೆ ಕಡ್ಡಿಗೆ ನಗು ತಡೆಯಲಾಗುತ್ತಿರಲಿಲ್ಲ.

"ಅಂದ್ರೆ ಅಕ್ಕಾ?" ಚಿಕ್ಕಮ್ಮ ಮುಂದೆ ಬಾಗಿದಳು. "ತಗೊಳ್ಲಾ?"

ಅಮ್ಮ ಟೀ ಲೋಟವನ್ನು ಕೆಳಗಿಟ್ಟಳು.

"ತಗೋ," ಎಂದಳು.

ಮನೆಗೆ ಬರುವಾಗ ಅರ್ಧ ದಾರಿಯಲ್ಲಿ ಅಮ್ಮ ಒಂದು ಮರದ ನೆರಳಿಗೆ ಸ್ಕೂಟರ್ ನಿಲ್ಲಿಸಿ ಹೆಲ್ಮೆಟ್ ತೆಗೆದಳು. ಕಡ್ಡಿಯೂ ಇಳಿದಳು.

"ಬ್ಯಾಗು ಕೊಡು," ಎಂದಳು ಅಮ್ಮ. ಕಡ್ಡಿ ಹೆಗಲಿನಿಂದ ನೀಲಿ ಬ್ಯಾಗು ತೆಗೆದು ಕೊಟ್ಟಳು. ಅಮ್ಮ ಅದನ್ನು ತನ್ನ ಹೆಗಲಿಗೆ ಹಾಕಿಕೊಂಡಳು. "ಇನ್ನು ನಾನು ಹೇಳೋವರೆಗೂ ಇದನ್ನ ಮುಟ್ಬೇಡ. ನನ್ನ ಜೊತೆ ಬರೋದೂ ಬೇಡ."

ಕಡ್ಡಿ ತಲೆಯಾಡಿಸಿದಳು. ಬೈಗುಳಕ್ಕಿಂತ ಅದು ಭಾರವಾಗಿತ್ತು. ಹೆಗಲು ಮಾತ್ರ ಹಗುರವಾಗಿ, ಏನೋ ಮರೆತು ಬಂದ ಹಾಗಿತ್ತು.

"ನಿನಗೂ ಹಂಗೇ ಆಗ್ಬೇಕು ಅಂತಿತ್ತು ಅಂದ್ಕೊಂಡೆ," ಎಂದಳು ಕಡ್ಡಿ.

"ಹಂಗೇ ಅಂದ್ರೆ?"

"ಕಾರು ಫೇಲ್ ಆಗ್ಲಿ ಅಂತ. ನೀನು ಎಲ್ಲಾ ಎರಡೆರಡು ಸಲ ನೋಡ್ತಿದ್ದೆ. ಬೇರೆಯೋರ ಕಾರಾದ್ರೆ ಒಂದೇ ಸಲ ನೋಡ್ತೀಯ. ತಪ್ಪು ಹುಡುಕ್ತಿದೀಯ ಅಂದ್ಕೊಂಡೆ."

ಅಮ್ಮ ಸ್ಕೂಟರಿನ ಕನ್ನಡಿಯ ಮೇಲಿದ್ದ ಧೂಳನ್ನು ಹೆಬ್ಬೆರಳಿನಿಂದ ಒರೆಸಿದಳು. ಒರೆಸಿದ ಮೇಲೂ ಒರೆಸುತ್ತಲೇ ಇದ್ದಳು.

"ಮೊದಲನೇ ಸಲ ಹುಡುಕ್ತಾನೇ ಇದ್ದೆ," ಎಂದಳು. "ಅದಕ್ಕೇ ಎರಡನೇ ಸಲ ನೋಡ್ಬೇಕಾಯ್ತು."

ಕಡ್ಡಿ ಅಮ್ಮನ ಮುಖ ನೋಡಿದಳು. ಎಂದೂ ಏನೂ ಕಾಣಿಸದ ಆ ಮುಖದಲ್ಲಿ ಈಗ ಏನೋ ಕಾಣುತ್ತಿತ್ತು. ಮೆಟ್ಟಿಲ ಮೇಲೆ ಶೂ ಲೇಸು ಬಿಚ್ಚಿ ಕಟ್ಟುವಾಗ ತನ್ನ ಮುಖವೂ ಹೀಗೇ ಇತ್ತೋ ಏನೋ.

"ನಿನಗೂ ಇಲ್ಲಿ ಬಿಸಿ ಆಗುತ್ತಾ?" ಎಂದು ಎದೆಯ ಕೆಳಗೆ ಬೆರಳಿಟ್ಟು ಕೇಳಿದಳು.

"ಹೂಂ. ಹೆಲ್ಮೆಟ್ ಹಾಕ್ಕೋ," ಎಂದಳು ಅಮ್ಮ.

*

ಆಮೇಲಿನ ದಿನಗಳಲ್ಲಿ ಗಿಳಿ ಕಡ್ಡಿಯ ಜೊತೆ ಮಾತಾಡಲಿಲ್ಲ. ಬೆಂಚಿನ ಮೇಲೆ ಇಬ್ಬರ ನಡುವೆ ತನ್ನ ಬ್ಯಾಗು ಇಟ್ಟಳು. ಟೀಚರ್ ಕೂಡ, "ಏನಮ್ಮಾ ಗಿಳಿ, ಗಂಟಲು ಕೆಟ್ಟಿದ್ಯಾ?" ಎಂದು ಕೇಳಿದರು.

ಕಾರು ಬಂತು. ಕಟ್ಟಡದ ಮುಂದೆ ನಿಂತಿತು. ಬೆಳಿಗ್ಗೆ ಗಿಳಿ ಅದರಲ್ಲಿ ಸ್ಕೂಲಿಗೆ ಹೋಗತೊಡಗಿದಳು. ಚಿಕ್ಕಮ್ಮ, "ಬಾರೇ, ಹತ್ತು," ಎಂದು ಕರೆದಳು. ಕಡ್ಡಿ, "ಬೇಡ ಚಿಕ್ಕಮ್ಮ, ನಡೀತೀನಿ," ಎಂದು ನಡೆದಳು. ದಾರಿ ಮೊದಲಿಗಿಂತ ಉದ್ದವಾಗಿತ್ತು. ಯಾರೂ ಮಾತಾಡದ ದಾರಿ.

ಒಂದು ಸಂಜೆ ಅವಳು ಮೇಲಿನ ಮನೆಯ ಬಾಗಿಲ ತನಕ ಹೋದಳು. ಗಿಳಿ ಬಾಗಿಲು ತೆರೆದಳು.

"ಏನು?"

ಹೇಳಬೇಕೆಂದು ಮೆಟ್ಟಿಲುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತೆಲ್ಲ ಚೆಲ್ಲಿಹೋಯಿತು. "ಚೆಂಡು ಹಾಕಿದ್ಯಾ? ಕನ್ನಡಿಗೆ?"

"ಹಾಕಿದೀನಿ."

"ಚೆನ್ನಾಗಿದ್ಯಾ?"

"ನೀನೇ ಬಂದು ನೋಡ್ಬೋದಲ್ಲ," ಎಂದು ಗಿಳಿ ಬಾಗಿಲು ಹಾಕಿಕೊಂಡಳು. ಆದರೆ ಧಡಾರನೆ ಹಾಕಲಿಲ್ಲ.

ಶನಿವಾರ ಸ್ಕೂಲು ಬಿಟ್ಟಾಗ ಅಮ್ಮ ಸ್ಕೂಟರಿನಲ್ಲಿ ಬಂದಿದ್ದಳು. ಎಲ್ಲೋ ಕಾರು ನೋಡಿ ಹಾಗೆಯೇ ಬಂದಿದ್ದಳು. ನೀಲಿ ಬ್ಯಾಗು ಅಮ್ಮನ ಹೆಗಲಲ್ಲೇ ಇತ್ತು. ಕಡ್ಡಿ ಕೇಳಲಿಲ್ಲ. ಹಿಂದೆ ಹತ್ತಿ ಕೂತಳು.

ಸಿಗ್ನಲ್ ಹತ್ತಿರ ತಿಳಿ ನೀಲಿ ಕಾರು ಅವರ ಪಕ್ಕದಲ್ಲೇ ಬಂದು ನಿಂತಿತು.

ಕಡ್ಡಿ ನೋಡಿದಳು. ಹೊಸ ಟಯರು, ಮುಚ್ಚಿದ ಗಾಜು, ಒಳಗೆ ತಣ್ಣನೆಯ ಗಾಳಿ. ಬಿಸಿ ಎದ್ದಿತು, ಮೊದಲಿನ ಜಾಗದಲ್ಲೇ. ಅವಳು ಮುಖ ಆ ಕಡೆ ತಿರುಗಿಸಿದಳು.

ಆಮೇಲೆ, ನಿಧಾನವಾಗಿ, ಇನ್ನೊಂದು ಸಲ ನೋಡಿದಳು.

ಚಿಕ್ಕಮ್ಮ ನರ್ಸಿನ ಬಟ್ಟೆಯಲ್ಲೇ ಇದ್ದಳು. ಎರಡೂ ಕೈಯಲ್ಲಿ ಸ್ಟೀರಿಂಗನ್ನು ಬಿಗಿಯಾಗಿ ಹಿಡಿದು, ನಾಲಿಗೆಯ ತುದಿ ಕಚ್ಚಿಕೊಂಡು, ಸಿಗ್ನಲ್ ದೀಪವನ್ನೇ ದುರುಗುಟ್ಟಿ ನೋಡುತ್ತಿದ್ದಳು, ಸೈಕಲ್ ಕಲಿಯುವ ಮಗುವಿನ ಹಾಗೆ. ಕನ್ನಡಿಯಲ್ಲಿ ಉಣ್ಣೆಯ ಚೆಂಡು ವಾರೆಯಾಗಿ ನೇತಾಡುತ್ತಿತ್ತು. ಹಿಂದಿನ ಸೀಟಿನಲ್ಲಿ, ಅಷ್ಟು ದೊಡ್ಡ ಸೀಟಿನ ಒಂದು ಮೂಲೆಯಲ್ಲಿ, ಗಿಳಿ ಬೆಲ್ಟಿನೊಳಗೆ ಒಬ್ಬಳೇ ಕೂತಿದ್ದಳು. ಮಾತಾಡಲು ಪಕ್ಕದಲ್ಲಿ ಯಾರೂ ಇರಲಿಲ್ಲ.

ಕಡ್ಡಿ ಕೈ ಎತ್ತಿದಳು. ಪೂರ್ತಿ ಅಲ್ಲ, ಅರ್ಧ.

ಗಿಳಿ ನೋಡಿದಳು. ಸಿಗ್ನಲ್ ಹಸಿರಾಯಿತು. ಕಾರು ಒಮ್ಮೆ ಕುಪ್ಪಳಿಸಿ ಹೊರಟಿತು. ಹಿಂದಿನ ಗಾಜಿನಲ್ಲಿ ಗಿಳಿ ಕತ್ತು ಹಿಂದಕ್ಕೆ ತಿರುಗಿಸಿ, ಉದ್ದಕ್ಕೆ ನಾಲಿಗೆ ಚಾಚಿ ಅಣಕಿಸಿದಳು.

ಕಡ್ಡಿಯೂ ನಾಲಿಗೆ ಚಾಚಿದಳು. ಗಾಳಿಗೆ ಅದು ಒಣಗುವವರೆಗೂ ಒಳಗೆ ಎಳೆದುಕೊಳ್ಳಲಿಲ್ಲ.

ಸ್ಕೂಟರಿನ ಕನ್ನಡಿಯಲ್ಲಿ ಅಮ್ಮನ ಕಣ್ಣು ಕಂಡಿತು. ಅದು ಮುಂದೆ ಹೋಗುತ್ತಿದ್ದ ನೀಲಿ ಕಾರನ್ನು ನೋಡಿತು. ಥಟ್ಟನೆ ರಸ್ತೆಗೆ ತಿರುಗಿತು. ಸ್ವಲ್ಪ ಹೊತ್ತಾದ ಮೇಲೆ ಮತ್ತೆ ಕಾರನ್ನು ನೋಡಿತು.

ಕಡ್ಡಿ ಅಮ್ಮನ ಬೆನ್ನಿಗೆ ಕೆನ್ನೆ ಒತ್ತಿ, ಜಾರುತ್ತಿದ್ದ ನೀಲಿ ಬ್ಯಾಗಿನ ಪಟ್ಟಿಯನ್ನು, ಮುಟ್ಟಿಯೂ ಮುಟ್ಟದ ಹಾಗೆ, ಅಮ್ಮನ ಹೆಗಲ ಮೇಲಕ್ಕೆ ಸರಿಸಿದಳು.